ಹೊಸ ಪಿಸ್ಟನ್ ಹಾಕುವ ಮೊದಲು ಹಳೆಯ ಪಿಸ್ಟನ್ ಓದಿ

ಕಳೆದ ಮಾರ್ಚ್‌ನಲ್ಲಿ ಭರಮಸಾಗರದ ಕಡೆಯಿಂದ ಒಬ್ಬರು ಮರ ಕೊಯ್ಯುವ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ದಾವಣಗೆರೆಯ ನನ್ನ ಶೆಡ್ಡಿಗೆ ಬಂದರು. ಒಣಗಿದ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಕಡಿಯುವ ಕೆಲಸ ಹಿಡಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಒಮ್ಮೆ ಜೋರಾಗಿ ಕಿರುಚಿ ನಿಂತಿತಂತೆ. ಆಮೇಲೆ ಹಗ್ಗ ಎಳೆದರೆ ಅಲುಗಾಡುತ್ತಲೇ ಇಲ್ಲ. “ಮೇಸ್ತ್ರಿ, ಪಿಸ್ಟನ್ ಹೋಗಿದೆ ಎಂದು ನನಗೂ ಗೊತ್ತು. ಹೊಸದು ಹಾಕಿ ಸಂಜೆಗೆ ಕೊಟ್ಟುಬಿಡಿ. ಇಬ್ಬರು ಆಳುಗಳು ಕೆಲಸವಿಲ್ಲದೆ ಕೂತಿದ್ದಾರೆ” ಎಂದರು.

ಸಂಜೆಗೆ ಕೊಡಬಹುದಿತ್ತು. ಹೊಸ ಪಿಸ್ಟನ್, ಅದು ಓಡಾಡುವ ಹೊಸ ಬೋರ್ ಕೂರಿಸಿ ಚಾಲೂ ಮಾಡುವುದು ಎರಡು ಗಂಟೆಯ ಕೆಲಸ. ಆದರೆ ನಾನು ಒಪ್ಪಲಿಲ್ಲ. “ಯಜಮಾನರೇ, ಇದು ಯಾಕೆ ಹೋಯಿತು ಎಂದು ತಿಳಿಯದೆ ಹೊಸದು ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತದೆ. ಒಂದು ದಿನ ಬಿಡಿ” ಎಂದೆ. ಅವರಿಗೆ ಇಷ್ಟವಾಗಲಿಲ್ಲ, ಆದರೂ ಬಿಟ್ಟು ಹೋದರು.

ಹೀಗೆ ಹಟ ಹಿಡಿಯುವುದಕ್ಕೆ ಕಾರಣವಿದೆ. ಕೆಲಸ ಶುರುಮಾಡಿದ ಹೊಸತರಲ್ಲಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕಳೆ ಕತ್ತರಿಸುವ ಯಂತ್ರ ತಂದಿದ್ದರು. ಪಿಸ್ಟನ್ ಗೀರಿತ್ತು. ನಾನು ಹೆಚ್ಚು ಯೋಚಿಸದೆ ಪಿಸ್ಟನ್, ರಿಂಗ್, ಬೋರ್ ಎಲ್ಲವನ್ನೂ ಹೊಸದಾಗಿ ಹಾಕಿ, ದುಡ್ಡು ತೆಗೆದುಕೊಂಡು ಕಳಿಸಿದೆ. ಎಂಟನೆಯ ದಿನ ಅದೇ ಯಂತ್ರ, ಅದೇ ಗೀರು. ಅವರು ಬೈಯಲಿಲ್ಲ, ಯಂತ್ರವನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತರು. ಅಂದು ಪೂರ್ತಿ ಬಿಚ್ಚಿ ನೋಡಿದಾಗ ಪಿಸ್ಟನ್‌ನ ಕೆಳಗೆ ತಿರುಗುವ ಕ್ರ್ಯಾಂಕ್ ದಂಡದ ಒಂದು ಬದಿಯ ಆಯಿಲ್ ಸೀಲ್ ಒಣಗಿ ಬಿರುಕು ಬಿಟ್ಟಿತ್ತು. ಅಂಗಡಿಯಲ್ಲಿ ಬಿಡಿಭಾಗಗಳಲ್ಲೇ ಅತಿ ಅಗ್ಗದ್ದು ಆ ಸೀಲು. ಎರಡನೆಯ ಸಲದ ಖರ್ಚನ್ನು ನಾನೇ ಹಾಕಿದೆ.

ಒಂದು ರಬ್ಬರ್ ಸೀಲು ಇಡೀ ಎಂಜಿನ್ನನ್ನು ಹೇಗೆ ಕೊಲ್ಲುತ್ತದೆ? ಇದು ಅರ್ಥವಾಗಬೇಕಾದರೆ ಎರಡು ಸ್ಟ್ರೋಕಿನ ಎಂಜಿನ್ ಉಸಿರಾಡುವ ಬಗೆ ತಿಳಿಯಬೇಕು. ಈಗಿನ ಬೈಕುಗಳದ್ದು ನಾಲ್ಕು ಸ್ಟ್ರೋಕಿನ ಎಂಜಿನ್. ಅದರ ಹೊಟ್ಟೆಯಲ್ಲಿ ಆಯಿಲ್ ಬೇರೆಯಾಗಿ ನಿಂತಿರುತ್ತದೆ, ಪೆಟ್ರೋಲ್ ತನ್ನ ದಾರಿಯಲ್ಲಿ ಹೋಗುತ್ತದೆ. ಮರ ಕೊಯ್ಯುವ ಯಂತ್ರವನ್ನು ಅಡ್ಡ, ಓರೆ, ತಲೆಕೆಳಗು, ಹೇಗೆ ಬೇಕಾದರೂ ಹಿಡಿಯಬೇಕು. ಹೊಟ್ಟೆಯಲ್ಲಿ ಆಯಿಲ್ ನಿಲ್ಲಿಸಿದರೆ ಅದು ಒಂದು ಮೂಲೆಗೆ ಸರಿದುಬಿಡುತ್ತದೆ. ಅದಕ್ಕೇ ಇಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕನ್ನು ಓಡಿಸಿದ ಹಿರಿಯರಿಗೆ ಇದು ಗೊತ್ತು: ಬಂಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲನ್ನೂ ಕೇಳುತ್ತಿದ್ದ ಕಾಲ.

ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಜಾಗ ಹಿಗ್ಗಿ ಎಳೆತ ಹುಟ್ಟುತ್ತದೆ. ಕಾರ್ಬ್ಯುರೇಟರಿನಿಂದ ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಬೆರೆತ ಮಂಜು ಅಲ್ಲಿಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಪಿಸ್ಟನ್‌ನ ಮೇಲ್ಭಾಗದಲ್ಲಿ ಹಿಂದಿನ ಸುತ್ತಿನ ಮಂಜು ಒತ್ತಿಕೊಂಡು, ಪ್ಲಗ್ಗಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿಯುತ್ತಾ ಮೊದಲು ಹೊಗೆಯ ಕಿಂಡಿಯನ್ನು ತೆರೆಯುತ್ತದೆ, ಆಮೇಲೆ ಪಕ್ಕದ ಕಿಂಡಿಗಳನ್ನು ತೆರೆಯುತ್ತದೆ. ಕೆಳಗೆ ಒತ್ತಿಕೊಂಡ ಹೊಸ ಮಂಜು ಆ ಕಿಂಡಿಗಳಿಂದ ಮೇಲಕ್ಕೆ ಹಾರುತ್ತದೆ. ಇಷ್ಟೂ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ನಿಮಿಷಕ್ಕೆ 10,000 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 167 ಸಲ.

ಅಂದರೆ ಕ್ರ್ಯಾಂಕ್ ಕೋಣೆಯೇ ಇಲ್ಲಿ ಪಂಪು. ಪಂಪು ಎಂದಮೇಲೆ ಗಾಳಿ ಸೋರಬಾರದು. ಅದನ್ನು ಕಾಯುವುದು ಎರಡು ಆಯಿಲ್ ಸೀಲು, ಒಂದೆರಡು ಪ್ಯಾಕಿಂಗು, ಕಾರ್ಬ್ಯುರೇಟರಿಗೂ ಬೋರಿಗೂ ನಡುವೆ ಇರುವ ರಬ್ಬರ್ ಕೊಳವೆ. ಇದರಲ್ಲಿ ಯಾವುದೊಂದು ಬಿರುಕು ಬಿಟ್ಟರೂ ಎಂಜಿನ್ ಕಳ್ಳದಾರಿಯಲ್ಲಿ ಗಾಳಿ ಎಳೆಯುತ್ತದೆ. ಗಾಳಿ ಹೆಚ್ಚಾದಷ್ಟು ಪೆಟ್ರೋಲ್ ಕಡಿಮೆ, ಪೆಟ್ರೋಲಿನ ಜೊತೆಯಲ್ಲೇ ಬರಬೇಕಾದ ಆಯಿಲೂ ಕಡಿಮೆ. ಪೆಟ್ರೋಲ್ ಆವಿಯಾಗುವಾಗ ಎಂಜಿನ್ನಿನ ಕಾವನ್ನೂ ಸ್ವಲ್ಪ ಹೀರುತ್ತದೆ. ಆ ತಂಪೂ ತಪ್ಪುತ್ತದೆ. ಪಿಸ್ಟನ್ ಕಾದು ಹಿಗ್ಗಿ ಬೋರಿಗೆ ಅಂಟಿಕೊಳ್ಳುತ್ತದೆ. ಇದನ್ನೇ ನಾವು ಸೀಜ್ ಎನ್ನುವುದು.

ಇದರಲ್ಲಿ ಮೋಸ ಹೋಗುವಂಥದ್ದು ಒಂದಿದೆ. ಗಾಳಿ ಹೆಚ್ಚು ಎಳೆಯುತ್ತಿರುವ ಎಂಜಿನ್ ಸಾಯುವುದಕ್ಕೆ ಮುಂಚೆ ಎಂದಿಗಿಂತ ಚುರುಕಾಗಿ ಓಡುತ್ತದೆ. ಸದ್ದು ತೆಳುವಾಗಿ, ಏರುದನಿಯಲ್ಲಿ ಬರುತ್ತದೆ. ಎಕ್ಸಲೇಟರ್ ಬಿಟ್ಟರೂ ವೇಗ ತಕ್ಷಣ ಇಳಿಯುವುದಿಲ್ಲ. ಓಡಿಸುವವರು “ಇವತ್ತು ಎಷ್ಟು ಚೆನ್ನಾಗಿದೆ ನೋಡಿ” ಎಂದು ಸಂತೋಷಪಡುತ್ತಾರೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಿದರೆ ಯಂತ್ರ ಉಳಿಯುತ್ತದೆ.

ಆಯಿಲ್ ಎಷ್ಟು ಬೆರೆಸಬೇಕು ಎಂಬ ಪ್ರಶ್ನೆ ನನಗೆ ದಿನಕ್ಕೊಮ್ಮೆಯಾದರೂ ಬರುತ್ತದೆ. ಯಂತ್ರದ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ. 25ಕ್ಕೆ 1 ಎಂದಿದ್ದರೆ 40 ಮಿಲಿ. ಐದು ಲೀಟರ್ ಕ್ಯಾನಿಗೆ ಕ್ರಮವಾಗಿ 100 ಮಿಲಿ, 200 ಮಿಲಿ. ಬಾಟಲಿಯ ಮುಚ್ಚಳದಲ್ಲಿ ಕಣ್ಣಂದಾಜಿಗೆ ಸುರಿಯುವುದನ್ನು ದಯವಿಟ್ಟು ಬಿಡಿ. ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜ್ ಒಂದನ್ನು ಕ್ಯಾನಿಗೆ ಕಟ್ಟಿಡಿ. ಎರಡು ಸ್ಟ್ರೋಕಿನ ಎಂಜಿನ್ನಿಗೆಂದೇ ಮಾಡಿದ ಆಯಿಲ್ ಬೇಕು. ಡಬ್ಬಿಯ ಮೇಲೆ ಜಾಸೊ ಎಫ್‌ಡಿ ಎಂಬ ಗುಣಮಟ್ಟದ ಗುರುತಿದ್ದರೆ ಉತ್ತಮ. ಟ್ರ್ಯಾಕ್ಟರಿಗೆ ತಂದ ಎಂಜಿನ್ ಆಯಿಲನ್ನು ಇದಕ್ಕೂ ಹಾಕುವವರಿದ್ದಾರೆ. ಅದು ಉರಿದು ಹೋಗುವುದಕ್ಕೆ ಮಾಡಿದ ಆಯಿಲ್ ಅಲ್ಲ. ಹೊಗೆಯ ಕಿಂಡಿಯಲ್ಲಿ ಇದ್ದಿಲು ಕಟ್ಟಿ, ಪ್ಲಗ್ ಕಪ್ಪಾಗಿ, ಎಂಜಿನ್ ಉಸಿರುಗಟ್ಟುತ್ತದೆ. “ಇರಲಿ, ಜಾಸ್ತಿ ಹಾಕಿದರೆ ಒಳ್ಳೆಯದೇ” ಎಂದು ಎರಡುಪಟ್ಟು ಸುರಿಯುವುದೂ ಇದೇ ತೊಂದರೆಯನ್ನು ತರುತ್ತದೆ.

ಇತ್ತೀಚೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. 2023ರಿಂದ ಬಂಕುಗಳಿಗೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬರತೊಡಗಿತು. ಎಥೆನಾಲನ್ನು ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ, ಮೆಕ್ಕೆಜೋಳ ನಮ್ಮ ಜಿಲ್ಲೆಯ ದೊಡ್ಡ ಬೆಳೆ. ಬೆಳೆಗಾರನಿಗೆ ಒಂದು ಮಾರುಕಟ್ಟೆ ಸಿಗುವುದನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಸಣ್ಣ ಎಂಜಿನ್ನಿನ ಮಟ್ಟಿಗೆ ಎಚ್ಚರ ಬೇಕು. ಎಥೆನಾಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರೂ ಎಥೆನಾಲೂ ಸೇರಿ ತಳಕ್ಕೆ ಇಳಿಯುತ್ತವೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ನಳಿಕೆ ಇರುವುದು ತಳದಲ್ಲಿ. ಹಗ್ಗ ಎಳೆದಾಗ ಮೊದಲು ಒಳಗೆ ಹೋಗುವುದು ಆಯಿಲ್ ಇಲ್ಲದ ಆ ನೀರು. ಹೀಗಾಗಿ ಬೆರೆಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ. ಹಂಗಾಮು ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಅಟ್ಟಕ್ಕೆ ಇಡಿ.

ಭರಮಸಾಗರದ ಯಂತ್ರಕ್ಕೆ ಬರೋಣ. ಗೋಣಿಚೀಲ ಬಿಚ್ಚಿದಾಗ ಕಣ್ಣಿಗೆ ಮೊದಲು ಬಿದ್ದದ್ದು ಮರದ ಹೊಟ್ಟು. ಹಿಟ್ಟಿನಷ್ಟು ನುಣ್ಣಗಿನ ಪುಡಿ ಮೈತುಂಬ ಮೆತ್ತಿಕೊಂಡಿತ್ತು. ಹರಿತವಾದ ಚೈನ್ ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸುತ್ತದೆ. ಮೊಂಡಾದದ್ದು ಪುಡಿ ಉದುರಿಸುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬೋರ್ ಬಿಚ್ಚುವ ಬದಲು ಸೈಲೆನ್ಸರ್ ತೆಗೆದೆ. ಅದಕ್ಕೆ ಎರಡೇ ಬೋಲ್ಟು. ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್‌ನ ಒಂದು ಮಗ್ಗುಲು ನೇರವಾಗಿ ಕಾಣುತ್ತದೆ. ನಿಮ್ಮ ಯಂತ್ರ ಬಲ ಕಳೆದುಕೊಂಡಿದೆ ಎನ್ನಿಸಿದರೆ ಯಾರ ಹತ್ತಿರ ಹೋಗುವುದಕ್ಕೂ ಮೊದಲು ನೀವೇ ಇದನ್ನು ಮಾಡಬಹುದು. ಐದು ನಿಮಿಷ ಸಾಕು.

ಎಂಜಿನ್ ಜಾಮ್ ಆಗದೆ, ಬರೀ ಚಾಲೂ ಆಗುತ್ತಿಲ್ಲವೆಂದಾದರೆ ನೋಡಬೇಕಾದದ್ದು ಕಿಡಿ, ಪೆಟ್ರೋಲ್, ಒತ್ತಡ ಇವಿಷ್ಟೇ. ಪ್ಲಗ್ ಬಿಚ್ಚಿ ಲೋಹಕ್ಕೆ ತಾಗಿಸಿ ಹಗ್ಗ ಎಳೆದರೆ ಕಿಡಿ ಕಾಣಬೇಕು. ಹತ್ತು ಸಲ ಎಳೆದ ಮೇಲೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ. ಒತ್ತಡ ನೋಡಲು ಮೀಟರ್ ಇದ್ದರೆ ಒಳ್ಳೆಯದು; 120ರಿಂದ 150 ಪಿಎಸ್‌ಐ ತೋರಿದರೆ ಆರೋಗ್ಯ, 100ಕ್ಕಿಂತ ಕೆಳಗಿದ್ದರೆ ಚಿಂತೆ. ಮೀಟರ್ ಇಲ್ಲದವರು ಹಗ್ಗದ ಹಿಡಿಯನ್ನು ಹಿಡಿದು ಯಂತ್ರವನ್ನು ತೂಗುಬಿಡಿ. ತಡೆದು ತಡೆದು ಇಳಿದರೆ ಒತ್ತಡವಿದೆ. ಸರ್ರನೆ ಇಳಿದರೆ ರಿಂಗೋ ಬೋರೋ ಹೋಗಿದೆ.

ಟಾರ್ಚ್ ಬೆಳಕಿನಲ್ಲಿ ಕಂಡದ್ದು ಹೊಗೆಯ ಕಿಂಡಿಯ ಕಡೆ ಉದ್ದುದ್ದ ಗೀರು, ಕರಗಿ ಮೆತ್ತಿದ ಅಲ್ಯೂಮಿನಿಯಂ. ಬೋರ್ ಎಬ್ಬಿಸಿ ಪಿಸ್ಟನ್ ಹೊರತೆಗೆದಾಗ ಕಾರ್ಬ್ಯುರೇಟರ್ ಕಡೆಯ ಮಗ್ಗುಲು ಹೊಸದರಂತೆ ನುಣುಪಾಗಿತ್ತು. ಇಲ್ಲಿಂದಲೇ ಓದು ಶುರು. ಗೀರು ಹೊಗೆಯ ಕಡೆ ಮಾತ್ರ ಇದ್ದರೆ ಕಾವು ಮೀರಿದೆ: ಪೆಟ್ರೋಲ್ ಸಾಲದೆ ಹೋಗಿದೆ ಅಥವಾ ಗಾಳಿ ಕಳ್ಳದಾರಿಯಲ್ಲಿ ಬಂದಿದೆ. ಸುತ್ತಲೂ ಗೀರಿದ್ದರೆ ಆಯಿಲ್ ಬೆರೆಸಲು ಮರೆತಿದ್ದಾರೆ. ಕಾರ್ಬ್ಯುರೇಟರ್ ಕಡೆ ಬಣ್ಣ ಮಾಸಿ, ಉಜ್ಜುಕಾಗದ ಹಾಕಿದಂತೆ ಸವೆದಿದ್ದರೆ ದೂಳು ಒಳಗೆ ಹೋಗಿದೆ. ಚಿತ್ರದುರ್ಗದ ಕಡೆಯ ಒಣಭೂಮಿಯಿಂದ ಬರುವ ಯಂತ್ರಗಳಲ್ಲಿ ಇದು ಮಾಮೂಲಿ; ಏರ್ ಫಿಲ್ಟರ್ ಹರಿದಿದೆ ಎಂದು ಅದನ್ನು ಕಿತ್ತೆಸೆದೇ ಓಡಿಸಿರುತ್ತಾರೆ. ಪಿಸ್ಟನ್‌ನ ನೆತ್ತಿಯ ಮೇಲೆ ಸಣ್ಣ ಸಣ್ಣ ತಗ್ಗುಗಳಿದ್ದರೆ ಒಳಗೆ ಬೇರಿಂಗ್ ಒಡೆದು ಅದರ ಚೂರು ಮೇಲೆ ಬಂದಿದೆ. ಆಗ ಬರೀ ಪಿಸ್ಟನ್ ಬದಲಿಸಿದವನನ್ನು ಮೆಕ್ಯಾನಿಕ್ ಎನ್ನಲಾಗದು.

ಕಾವು ಮೀರಿದೆ ಎಂದು ಗೊತ್ತಾಯಿತು. ಸೋರಿಕೆಯೋ, ಕಾರ್ಬ್ಯುರೇಟರೋ? ಕಾರ್ಬ್ಯುರೇಟರಿನ ಕಿಂಡಿಯನ್ನೂ ಹೊಗೆಯ ಕಿಂಡಿಯನ್ನೂ ಹಳೆಯ ಸೈಕಲ್ ಟ್ಯೂಬಿನ ತುಂಡುಗಳಿಂದ ಮುಚ್ಚಿ ಬಿಗಿದೆ. ಪ್ಲಗ್ಗಿನ ರಂಧ್ರಕ್ಕೆ ನಳಿಕೆ ಕೂರಿಸಿದೆ. ನಳಿಕೆಯ ಆ ತುದಿಯಲ್ಲಿ ಇರುವುದು ಬಿ.ಪಿ. ನೋಡುವ ಉಪಕರಣದ ರಬ್ಬರ್ ಉಂಡೆ ಮತ್ತು ಡಯಲ್. ಇದಕ್ಕೆಂದೇ ಮಾಡಿದ ಪಂಪು ಸಿಗುತ್ತದೆ, ಆದರೆ ನನಗೆ ಇದು ಕೈಗೆ ಹೊಂದಿದೆ. ಡಯಲಿನಲ್ಲಿ 300ರವರೆಗೆ ಏರಿಸಿದರೆ 0.4 ಬಾರ್ ಒತ್ತಡವಾಗುತ್ತದೆ. ಸಣ್ಣ ಎಂಜಿನ್ನಿಗೆ ಅದು ಸಾಕು. ಸೋಪಿನ ನೀರು ಹಚ್ಚಿ, ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತಾ ಗುಳ್ಳೆ ಏಳುತ್ತದೆಯೇ ಎಂದು ಕಾಯಬೇಕು. ಗಾಳಿ ಹೊರಗೆ ಬಿಡದ ಸೀಲು ಒಳಗೆ ಎಳೆದುಕೊಳ್ಳುವುದೂ ಉಂಟು, ಹಾಗಾಗಿ ಎಳೆತದ ಪರೀಕ್ಷೆಯನ್ನೂ ಮಾಡುತ್ತೇನೆ. ಈ ಯಂತ್ರದಲ್ಲಿ ಮುಳ್ಳು ಕದಲಲಿಲ್ಲ. ಸೀಲುಗಳು ಚೆನ್ನಾಗಿದ್ದವು.

ಉಳಿದದ್ದು ಕಾರ್ಬ್ಯುರೇಟರ್. ಬೈಕಿನ ಕಾರ್ಬ್ಯುರೇಟರಿನಲ್ಲಿ ಪುಟ್ಟ ತೊಟ್ಟಿಯೂ ಅದರಲ್ಲಿ ತೇಲುವ ಬೆಂಡೂ ಇರುತ್ತವೆ. ತಲೆಕೆಳಗು ಮಾಡಿದರೆ ಅದು ಕೆಲಸ ಮಾಡದು. ಇಲ್ಲಿ ಬೆಂಡಿನ ಬದಲು ಡಯಾಫ್ರಾಂ ಎಂಬ ತೆಳ್ಳನೆಯ ಪೊರೆ ಇದೆ. ಎಂಜಿನ್ನಿನ ಎಳೆತಕ್ಕೆ ಆ ಪೊರೆ ಒಳಕ್ಕೆ ಬಾಗಿ, ಒಂದು ಪುಟ್ಟ ಸನ್ನೆಗೋಲನ್ನು ಒತ್ತಿ, ಸೂಜಿಯನ್ನು ಎತ್ತಿ ಪೆಟ್ರೋಲಿಗೆ ದಾರಿ ಬಿಡುತ್ತದೆ. ಇನ್ನೊಂದು ಪೊರೆ ಕ್ರ್ಯಾಂಕ್ ಕೋಣೆಯ ಒತ್ತಡದ ಏರಿಳಿತದಿಂದಲೇ ಮಿಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಬಿಚ್ಚಿದೆ. ಪೊರೆಯನ್ನು ಬೆರಳ ತುದಿಯಲ್ಲಿ ಹಿಡಿದು ಅಲುಗಿಸಿದರೆ ಒಣ ಅಡಿಕೆ ಹಾಳೆಯಂತೆ ಸದ್ದು ಮಾಡಿತು. ಹೊಸ ಪೊರೆ ಸದ್ದೇ ಮಾಡುವುದಿಲ್ಲ, ವೀಳ್ಯದೆಲೆಯಂತೆ ಬಾಗುತ್ತದೆ. ಗಟ್ಟಿಯಾದ ಪೊರೆ ಸೂಜಿಯನ್ನು ಸಾಕಷ್ಟು ಎತ್ತಲಾರದು. ಪೆಟ್ರೋಲ್ ಅರೆಹೊಟ್ಟೆಗೆ ಸಿಕ್ಕಿತು, ಆಯಿಲೂ ಅಷ್ಟೇ.

ಫೋನ್ ಮಾಡಿ ಕೇಳಿದೆ. ಹಿಂದಿನ ವರ್ಷದ ಪೆಟ್ರೋಲ್ ಟ್ಯಾಂಕಿನಲ್ಲೇ ಇತ್ತು, ಅದರ ಮೇಲೆ ಹೊಸದನ್ನು ಸುರಿದು ಚಾಲೂ ಮಾಡಿದ್ದರು. ಒಂದು ವರ್ಷ ಆ ಪೊರೆ ಹಳಸಿದ ಪೆಟ್ರೋಲಿನಲ್ಲಿ ನೆನೆದಿತ್ತು. ಇನ್ನು ಮೊಂಡು ಚೈನು. ಜಾಲಿಯ ಕಟ್ಟಿಗೆ ಗಟ್ಟಿ, ಚೈನ್ ಕೊಯ್ಯದೆ ಉಜ್ಜುತ್ತಿತ್ತು. ಅವರು ಪೂರ್ತಿ ಎಕ್ಸಲೇಟರ್ ಕೊಟ್ಟು ಮೈಭಾರ ಹಾಕಿ ಒತ್ತಿದ್ದರು. ಅರೆಹೊಟ್ಟೆಯ ಎಂಜಿನ್ನಿನ ಮೇಲೆ ಇಡೀ ಮಧ್ಯಾಹ್ನದ ಹೊರೆ.

ಬೋರನ್ನು ಉಳಿಸಲು ಸಾಧ್ಯವೇ ಎಂದು ನೋಡಿದೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ತಯಾರಿಸಿದ ನಾಡು ಇದು. ಬೋರ್ ಗೀರಿದರೆ ಲೇತಿಗೆ ಕೊಟ್ಟು ಕೊರೆಸುವುದು ನಮಗೆ ರೂಢಿ. ಕಬ್ಬಿಣದ ಬೋರಿಗೆ ಅದು ಸರಿ. ಈ ಯಂತ್ರಗಳ ಬೋರ್ ಅಲ್ಯೂಮಿನಿಯಂ, ಒಳಮೈಗೆ ನಿಕಲ್ ಅಥವಾ ಕ್ರೋಮಿಯಂನ ಕೂದಲೆಳೆಯಷ್ಟು ತೆಳ್ಳನೆಯ ಗಟ್ಟಿ ಲೇಪ. ಕೊರೆದರೆ ಲೇಪವೇ ಹೋಗುತ್ತದೆ. ಆದರೆ ಬಹಳ ಸಲ ಗೀರಿನಂತೆ ಕಾಣುವುದು ಲೇಪದ ಮೇಲೆ ಮೆತ್ತಿಕೊಂಡ ಪಿಸ್ಟನ್‌ನ ಅಲ್ಯೂಮಿನಿಯಂ ಮಾತ್ರ. ಅದನ್ನು ಹೈಡ್ರೋಕ್ಲೋರಿಕ್ ಆಮ್ಲ ತಿನ್ನುತ್ತದೆ, ನಿಕಲ್ ಲೇಪವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕ್ರೋಮಿಯಂ ಲೇಪವನ್ನಾದರೆ ಅದೂ ತಿನ್ನುತ್ತದೆ, ಅಂಥ ಬೋರಿಗೆ ಹಚ್ಚಬಾರದು. ಕೈಗವಸು, ಕನ್ನಡಕ ಹಾಕಿಕೊಂಡು ಶೆಡ್ಡಿನ ಹೊರಗೆ ಬಯಲಿನಲ್ಲಿ ಕೂತು, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೆತ್ತಿದ ಜಾಗಕ್ಕಷ್ಟೇ ಹಚ್ಚಬೇಕು. ನೊರೆ ಏಳುತ್ತದೆ. ನಿಂತ ಮೇಲೆ ಒರೆಸಿ ಮತ್ತೆ ಹಚ್ಚಬೇಕು. ಕಿಂಡಿಗಳ ಅಂಚಿಗೆ ತಾಗಕೂಡದು, ಅಲ್ಲಿ ಲೇಪವಿಲ್ಲದ ಬರಿ ಅಲ್ಯೂಮಿನಿಯಂ ಇರುತ್ತದೆ. ಕೊನೆಗೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಒಣಗಿಸಿ ಆಯಿಲ್ ಸವರಬೇಕು. ಉಗುರಿಗೆ ಗೀರು ಸಿಕ್ಕಿದರೆ ಅಥವಾ ಲೇಪ ಎದ್ದಿದ್ದರೆ ಹೊಸ ಬೋರೇ ಗತಿ. ಇದರದ್ದು ಉಳಿಯಿತು. ಹೊಸ ಬೋರಿನ ದುಡ್ಡು ಅವರಿಗೆ ಉಳಿದದ್ದಕ್ಕೆ ನನಗೆ ಆದ ಸಮಾಧಾನ ದೊಡ್ಡದು.

ಜೋಡಿಸುವ ಕೆಲಸದಲ್ಲಿ ಆತುರ ಸಲ್ಲದು. ಪಿಸ್ಟನ್ ಮೇಲಿನ ಬಾಣದ ಗುರುತು ಹೊಗೆಯ ಕಡೆಗೆ ಇರಬೇಕು. ರಿಂಗಿನ ಬಾಯಿ ಅದು ಕೂರುವ ತೋಡಿನಲ್ಲಿರುವ ಪುಟ್ಟ ಗೂಟಕ್ಕೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಬೋರ್ ಇಳಿಸುವಾಗಲೇ ಮುರಿಯುತ್ತದೆ. ಪಿಸ್ಟನ್ ಪಿನ್ ಜಾರದಂತೆ ಎರಡು ಬದಿ ಹಿಡಿಯುವ ಸರ್ಕ್ಲಿಪ್‌ಗಳನ್ನು ಹಳೆಯವು ಚೆನ್ನಾಗಿ ಕಂಡರೂ ಮತ್ತೆ ಹಾಕುವುದಿಲ್ಲ; ಒಂದು ಕಳಚಿದರೆ ಅಷ್ಟೂ ಕೆಲಸ ನೀರುಪಾಲು. ಕ್ಲಚ್ ಬಿಚ್ಚಬೇಕಾದರೆ ನೆನಪಿಡಿ, ಅದರ ಥ್ರೆಡ್ ಸಾಮಾನ್ಯವಾಗಿ ಎಡಗಡೆಯದು, ಮಾಮೂಲಿ ಬೋಲ್ಟನ್ನು ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಆಗ ಪಿಸ್ಟನ್ ತಡೆಯಲು ಪ್ಲಗ್ಗಿನ ರಂಧ್ರದೊಳಗೆ ನೈಲಾನ್ ಹಗ್ಗ ತುರುಕಿ. ಸ್ಕ್ರೂಡ್ರೈವರ್ ಹಾಕಿದರೆ ಪಿಸ್ಟನ್ ತೂತಾಗುತ್ತದೆ. ಕಿಡಿ ಹುಟ್ಟಿಸುವ ಕಾಯಿಲಿಗೂ ತಿರುಗುವ ಮ್ಯಾಗ್ನೆಟ್ ಚಕ್ರಕ್ಕೂ ನಡುವೆ 0.3 ಮಿ.ಮೀ. ಅಂತರ ಬೇಕು, ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ ಸರಿಹೋಗುತ್ತದೆ.

ಚೈನನ್ನು ಮಸೆಯದೆ ಯಂತ್ರ ವಾಪಸ್ ಕೊಡುವುದಿಲ್ಲ. ಅದರ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಇರುತ್ತವೆ. ಅಮೆರಿಕದ ಒರೆಗಾನ್‌ನ ಜೋಸೆಫ್ ಕಾಕ್ಸ್ ಎಂಬುವರು, ಮರದೊಳಗೆ ಕೊರೆಯುವ ದುಂಬಿಯ ಹುಳು ತನ್ನ ದವಡೆಯನ್ನು ಎಡಬಲಕ್ಕೆ ಆಡಿಸುವುದನ್ನು ನೋಡಿ 1947ರಲ್ಲಿ ಈ ಬಗೆಯ ಚೈನ್ ತಂದರು. ಹಲ್ಲಿನ ಅಳತೆಗೆ ತಕ್ಕ ದುಂಡು ಅರ ಹಿಡಿದು, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಗೆ ಒಂದೇ ದಿಕ್ಕಿಗೆ, ಪ್ರತಿ ಹಲ್ಲಿಗೂ ಅಷ್ಟೇ ಸಲ ಎಳೆಯಬೇಕು. ಹಲ್ಲಿನ ಮುಂದಿರುವ ಪುಟ್ಟ ಗುಬುಟು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಜಾಲಿ ಕಡಿಯುವವರು ಟ್ಯಾಂಕ್ ತುಂಬಿಸುವಾಗಲೆಲ್ಲ ಎರಡೆರಡು ಸಲ ಅರ ಎಳೆದರೆ ಮೈಕೈ ನೋವೂ ಕಡಿಮೆ, ಎಂಜಿನ್ನಿನ ಹೊರೆಯೂ ಕಡಿಮೆ.

ಮರುದಿನ ಸಂಜೆ ಅವರು ಬಂದಾಗ ಯಂತ್ರವನ್ನು ಅವರೆದುರಿಗೇ ಚಾಲೂ ಮಾಡಿ ಕಾವೇರಲು ಬಿಟ್ಟೆ. ಮೊದಲು ಕಾರ್ಬ್ಯುರೇಟರಿನ ಎಲ್ ಸ್ಕ್ರೂ, ಅದು ಕಡಿಮೆ ವೇಗಕ್ಕೆ; ಆಮೇಲೆ ಎಚ್ ಸ್ಕ್ರೂ, ಅದು ಹೆಚ್ಚಿನ ವೇಗಕ್ಕೆ. ಎಡಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಬಲಕ್ಕೆ ತಿರುಗಿಸಿದರೆ ಕಡಿಮೆ. ಬರಿಗಾಳಿಯಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಸದ್ದು ಸ್ವಲ್ಪ ಗೊರಗೊರ ಎನ್ನಬೇಕು. ಕಟ್ಟಿಗೆಗೆ ಇಟ್ಟ ಕೂಡಲೇ ಆ ಗೊರಗೊರ ಹೋಗಿ ಸದ್ದು ತಿಳಿಯಾಗಬೇಕು. ಅವರ ಕೈಗೇ ಯಂತ್ರ ಕೊಟ್ಟು, ಶೆಡ್ಡಿನ ಮುಂದೆ ಬಿದ್ದಿದ್ದ ಬೇವಿನ ದಿಮ್ಮಿಗೆ ಇಡಲು ಹೇಳಿದೆ. ಮೈಭಾರ ಹಾಕಲು ಹೋದರು, ಬೇಡವೆಂದೆ. ಯಂತ್ರ ತನ್ನ ತೂಕಕ್ಕೇ ಇಳಿಯಿತು, ಸಿಪ್ಪೆಗಳು ಅವರ ಪಾದದ ಮೇಲೆ ಬಿದ್ದವು. ಬಗ್ಗಿ ಒಂದು ಹಿಡಿ ಎತ್ತಿಕೊಂಡು ಬೆರಳಲ್ಲಿ ತಿರುಗಿಸಿ ನೋಡಿದರು. ಹಳೆಯ ಪಿಸ್ಟನ್ ಮತ್ತು ಆ ಗಟ್ಟಿ ಪೊರೆಯನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟೆ. ಅದನ್ನು ಅಂಗಿಯ ಜೇಬಿಗೆ ಸೇರಿಸಿಕೊಂಡು, “ಆಳುಗಳಿಗೆ ತೋರಿಸುತ್ತೇನೆ ಮೇಸ್ತ್ರಿ” ಎಂದು ಹೊರಟರು.